ಹುಲ್ಲು ತುಂಬಿದ ಪಂಜರ

ಸಾಕುಪ್ರಾಣಿಗಳ ಅಂಗಡಿಯಲ್ಲಿ ಹ್ಯಾಮ್ಸ್ಟರ್ ಕೊಂಡರೆ ಸಾಮಾನ್ಯವಾಗಿ ಜೊತೆಗೊಂದು ತಂತಿಯ ಪಂಜರವೂ ಮನೆಗೆ ಬರುತ್ತದೆ. ತಳದಲ್ಲಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಅದರ ಮೇಲೆ ಎರಡು ಬೆರಳು ದಪ್ಪದ ಮರದ ಹೊಟ್ಟು, ಒಂದು ಮೂಲೆಯಲ್ಲಿ ಅಂಗೈಯಗಲದ ಚಕ್ರ, ಇನ್ನೊಂದು ಮೂಲೆಯಲ್ಲಿ ಆಟಿಕೆಯಂಥ ಮನೆ. ಪ್ರಾಣಿ ಕಾಣಬೇಕೆಂದು ನಾಲ್ಕೂ ಕಡೆ ತೆರೆದ ತಂತಿ. ಹೊಸ ಮನೆಗೆ ಬಂದ ಹ್ಯಾಮ್ಸ್ಟರ್ ರಾತ್ರಿಯಿಡೀ ಆ ತಂತಿಯನ್ನು ಕಡಿಯುತ್ತದೆ. ಹಲ್ಲು ಬೆಳೆಯುತ್ತಲೇ ಇರುವ ಪ್ರಾಣಿ, ಕಡಿಯುವುದು ಅದರ ಜಾಯಮಾನ ಎಂದು ಮನೆಯವರು ಸುಮ್ಮನಾಗುತ್ತಾರೆ.

ಈ ಮಾತು ಅರ್ಧ ಮಾತ್ರ ನಿಜ. ಉಳಿದರ್ಧವನ್ನು ತಿಳಿಯಲು ಈ ಪ್ರಾಣಿ ಪಂಜರಕ್ಕೆ ಬಂದ ಕಥೆಯನ್ನು ನೋಡಬೇಕು. ನಾಯಿಯನ್ನು ಮೊದಲು ಪಳಗಿಸಿದವರು ಯಾರು, ಹಸುವಿಗೆ ಮೊದಲ ಹಗ್ಗ ಬಿದ್ದದ್ದು ಎಲ್ಲಿ ಎಂದು ಯಾರೂ ಖಚಿತವಾಗಿ ಹೇಳಲಾರರು. ಬಂಗಾರದ ಹ್ಯಾಮ್ಸ್ಟರ್‌ನ ವಿಷಯ ಹಾಗಲ್ಲ. ಅದು ಯಾವ ಊರಿನ ಬಳಿ, ಯಾವ ಬೆಳೆಯ ಹೊಲದಲ್ಲಿ, ಯಾವ ದಿನ ಮನುಷ್ಯನ ಕೈಗೆ ಸಿಕ್ಕಿತು ಎಂಬುದು ಬರೆದಿಟ್ಟ ಸಂಗತಿ. ಅದರ ಪಂಜರವಾಸಕ್ಕೆ ಇನ್ನೂ ನೂರು ವರ್ಷ ತುಂಬಿಲ್ಲ. ಅದಕ್ಕೆ ಎಂಥ ಪಂಜರ ಒಗ್ಗುವುದಿಲ್ಲ, ಎಂಥದ್ದು ಒಗ್ಗುತ್ತದೆ ಎಂಬುದೂ ಮೊದಲ ಕೆಲವು ವಾರಗಳಲ್ಲೇ ಗೊತ್ತಾಗಿತ್ತು. ಆಮೇಲೆ ಅದು ಮರೆತುಹೋಯಿತು.

ಜೋಳಿಗೆಯಪ್ಪ

ಸಿರಿಯಾದ ಅಲೆಪ್ಪೊ ನಗರದಲ್ಲಿ ಹದಿನೆಂಟನೆಯ ಶತಮಾನದ ನಡುವೆ ಸ್ಕಾಟ್ಲೆಂಡಿನ ಇಬ್ಬರು ಅಣ್ಣತಮ್ಮಂದಿರು ಒಬ್ಬರಾದ ಮೇಲೊಬ್ಬರಂತೆ ಇಂಗ್ಲಿಷ್ ವರ್ತಕರ ವೈದ್ಯರಾಗಿದ್ದರು. ಅಣ್ಣ ಅಲೆಕ್ಸಾಂಡರ್ ರಸೆಲ್ 1756ರಲ್ಲಿ ಅಲೆಪ್ಪೊದ ಜನ, ಹವೆ, ಸಸ್ಯ, ಪ್ರಾಣಿ, ರೋಗಗಳ ಬಗ್ಗೆ ಒಂದು ದೊಡ್ಡ ಗ್ರಂಥ ಪ್ರಕಟಿಸಿದ. ಅಣ್ಣ ತೀರಿಕೊಂಡ ಎಷ್ಟೋ ವರ್ಷಗಳ ನಂತರ, 1794ರಲ್ಲಿ, ತಮ್ಮ ಪ್ಯಾಟ್ರಿಕ್ ಅದನ್ನು ಹಿಗ್ಗಿಸಿ ಎರಡನೆಯ ಮುದ್ರಣ ತಂದ. ಆ ಮುದ್ರಣದಲ್ಲಿ ಹ್ಯಾಮ್ಸ್ಟರ್ ಬರುತ್ತದೆ. ಕೊಯ್ದು ನೋಡಿದಾಗ ಅದರ ಎರಡೂ ಕೆನ್ನೆಚೀಲಗಳಲ್ಲಿ ಎಳೆಯ ಹುರುಳಿಕಾಯಿಗಳು ಉದ್ದಕ್ಕೆ, ಒತ್ತಾಗಿ ಜೋಡಿಸಿದಂತೆ ತುಂಬಿದ್ದವಂತೆ. ಹೊರಗೆ ತೆಗೆದು ಸಡಿಲವಾಗಿ ಹರಡಿದಾಗ ಆ ರಾಶಿ ಪ್ರಾಣಿಯ ಮೈಯ ಮೂರು ಪಟ್ಟು ಆಯಿತಂತೆ. ಇದೊಂದು ಹೊಸ ಜಾತಿಯ ಪ್ರಾಣಿ ಎಂಬುದು ಮಾತ್ರ ಬರೆದವರಿಗೆ ಹೊಳೆದಿರಲಿಲ್ಲ. ಯುರೋಪಿನ ಹೊಲಗಳಲ್ಲಿರುವ ದೊಡ್ಡ ಹ್ಯಾಮ್ಸ್ಟರೇ ಎಂದುಕೊಂಡಿದ್ದರು.

ಈ ಪ್ಯಾಟ್ರಿಕ್ ರಸೆಲ್ ದಕ್ಷಿಣ ಭಾರತಕ್ಕೆ ಅಪರಿಚಿತನಲ್ಲ. 1780ರ ದಶಕದಲ್ಲಿ ವಿಶಾಖಪಟ್ಟಣಕ್ಕೆ ಬಂದು ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗತಜ್ಞನಾಗಿ ಕೆಲಸ ಮಾಡಿದ. ಕೋರಮಂಡಲ ತೀರದ ಹಾವುಗಳ ಬಗ್ಗೆ ಅವನ ಪುಸ್ತಕ 1796ರಲ್ಲಿ ಬಂತು. ನಾವು ಕೊಳಕುಮಂಡಲ ಎಂದು ಕರೆಯುವ ವಿಷದ ಹಾವಿಗೆ ಇಂಗ್ಲಿಷಿನಲ್ಲೂ ವಿಜ್ಞಾನದಲ್ಲೂ ಇರುವುದು ಅವನದೇ ಹೆಸರು. ಹ್ಯಾಮ್ಸ್ಟರ್‌ಗೆ ಆ ಭಾಗ್ಯ ಬರಲಿಲ್ಲ. ಡಾರ್ವಿನ್ ತನ್ನ ಹಡಗುಯಾನದಲ್ಲಿ ಸಂಗ್ರಹಿಸಿ ತಂದ ಸಸ್ತನಿಗಳನ್ನು ವಿವರಿಸಿದ ಜಾರ್ಜ್ ವಾಟರ್‌ಹೌಸ್, 1839ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದಲ್ಲಿ ಅಲೆಪ್ಪೊದಿಂದ ಬಂದ ಒಂದೇ ಒಂದು ತೊಗಲನ್ನು ಮುಂದಿಟ್ಟುಕೊಂಡು ಇದು ಬೇರೆಯೇ ಜಾತಿ ಎಂದ. ಮೈಬಣ್ಣ ನೋಡಿ ಲ್ಯಾಟಿನ್ನಿನಲ್ಲಿ 'ಬಂಗಾರದ' ಎಂಬ ಅರ್ಥದ ಹೆಸರಿಟ್ಟ. 1880ರ ಸುಮಾರಿಗೆ ಅಲೆಪ್ಪೊದ ಬ್ರಿಟಿಷ್ ಕಾನ್ಸಲ್ ಆಗಿದ್ದ ಜೇಮ್ಸ್ ಸ್ಕೀನ್ ಕೆಲವು ಹ್ಯಾಮ್ಸ್ಟರ್‌ಗಳನ್ನು ಎಡಿನ್‌ಬರೊಗೆ ಒಯ್ದದ್ದೂ ಉಂಟು. ಆ ಸಂತತಿ ಸುಮಾರು 30 ವರ್ಷ ಉಳಿದು, 1910ರ ಹೊತ್ತಿಗೆ ಅಳಿಯಿತು.

ಈ ಪ್ರಾಣಿಯ ಸ್ವಭಾವವನ್ನು ಭಾಷೆಗಳು ಚೆನ್ನಾಗಿ ಗಮನಿಸಿವೆ. ಸಿರಿಯಾದ ಅರಬ್ಬಿಯಲ್ಲಿ ಅದರ ಹೆಸರಿಗೆ ಹೆಚ್ಚುಕಡಿಮೆ 'ಜೋಳಿಗೆಯಪ್ಪ' ಎಂಬ ಅರ್ಥವಿದೆ. ಹೀಬ್ರೂವಿನ 'ಓಗೆರ್' ಎಂಬ ಹೆಸರು ಕೂಡಿಡುವುದು ಎಂಬ ಧಾತುವಿನಿಂದ ಬಂದದ್ದು. ಇಂಗ್ಲಿಷಿನ ಹ್ಯಾಮ್ಸ್ಟರ್ ಜರ್ಮನ್ನಿನಿಂದ ಬಂದ ಪದ. ಜರ್ಮನ್ನಿನಲ್ಲಿ ಅದೇ ಪದ ಕ್ರಿಯಾಪದವೂ ಆಗಿ, ಅಭಾವ ಬರುತ್ತದೆಂದು ಹೆದರಿ ಸಾಮಾನು ಕೂಡಿಹಾಕುವುದು ಎಂಬ ಅರ್ಥ ಕೊಡುತ್ತದೆ. ಹೆಸರುಗಳೆಲ್ಲ ಚೀಲವನ್ನೂ ಕೂಡಿಡುವುದನ್ನೂ ಹೇಳುತ್ತವೆ. ಕೂಡಿಟ್ಟದ್ದನ್ನು ಇಡುವ ಜಾಗ, ನೆಲದೊಳಗಿನ ಬಿಲ, ಯಾವ ಹೆಸರಿನಲ್ಲೂ ಬಂದಿಲ್ಲ. ಮುಂದೆ ಎಡವಟ್ಟಾದದ್ದೆಲ್ಲ ಆ ಜಾಗದ ವಿಷಯದಲ್ಲೇ.

ಮೂರು ಪೆಟ್ಟಿಗೆಗಳು

1903ರಲ್ಲಿ ಮದ್ರಾಸಿನ ಜನರಲ್ ಆಸ್ಪತ್ರೆಯ ವೈದ್ಯ ಚಾರ್ಲ್ಸ್ ಡೊನೊವನ್ ಒಂದು ಪರೋಪಜೀವಿಯನ್ನು ಗುರುತಿಸಿದ. ಅದೇ ಜೀವಿಯನ್ನು ಇಂಗ್ಲೆಂಡಿನಲ್ಲಿ ವಿಲಿಯಂ ಲೀಶ್ಮನ್ ಕೂಡ, ಕಲ್ಕತ್ತಾ ಬಳಿಯ ಡಮ್‌ಡಮ್‌ನಿಂದ ಮರಳಿದ್ದ ಸೈನಿಕನೊಬ್ಬನ ದೇಹದಲ್ಲಿ ಕಂಡಿದ್ದ. ಇಬ್ಬರ ಹೆಸರೂ ಸೇರಿ ಅದು ಲೀಶ್ಮೇನಿಯಾ ಡೊನೊವನಿ ಆಯಿತು. ಬಂಗಾಳ, ಬಿಹಾರ, ಅಸ್ಸಾಮುಗಳಲ್ಲಿ ಲಕ್ಷಾಂತರ ಜನರನ್ನು ಕೊಂದ ಕಾಲಾ ಅಜಾರ್, ಅಂದರೆ ಕರಿಜ್ವರದ ಮೂಲ ಅದೇ. ರೋಗವನ್ನು ಅಭ್ಯಾಸ ಮಾಡಲು ಆ ಪರೋಪಜೀವಿ ಬೆಳೆಯಬಲ್ಲ ಒಂದು ಸಣ್ಣ ಪ್ರಾಣಿ ಬೇಕಿತ್ತು. 1920ರ ದಶಕದಲ್ಲಿ ಚೀನಾದ ಪುಟ್ಟ ಹ್ಯಾಮ್ಸ್ಟರ್ ಈ ಕೆಲಸಕ್ಕೆ ಒದಗಿತು. ಆದರೆ ಅದು ಸೆರೆಯಲ್ಲಿ ಸುಲಭವಾಗಿ ಮರಿಹಾಕುತ್ತಿರಲಿಲ್ಲ; ಮತ್ತೆ ಮತ್ತೆ ಚೀನಾದಿಂದಲೇ ತರಿಸಬೇಕಿತ್ತು.

ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದಲ್ಲಿ ಕರಿಜ್ವರದ ಮೇಲೆ ಕೆಲಸ ಮಾಡುತ್ತಿದ್ದ ಸಾಲ್ ಆಡ್ಲರ್‌ಗೆ ಈ ಪರದಾಟ ಸಾಕಾಗಿತ್ತು. ಹತ್ತಿರದಲ್ಲೇ ಸಿಗುವ ಯಾವುದಾದರೂ ಹ್ಯಾಮ್ಸ್ಟರ್ ಹುಡುಕಿಕೊಡಲು ಅವರು ಪ್ರಾಣಿಶಾಸ್ತ್ರಜ್ಞ ಇಸ್ರೇಲ್ ಅಹರೋನಿಯನ್ನು ಕೇಳಿಕೊಂಡರು. ಅಹರೋನಿಗೆ ವಾಟರ್‌ಹೌಸ್ ವಿವರಿಸಿದ್ದ ಬಂಗಾರದ ಹ್ಯಾಮ್ಸ್ಟರ್ ಗೊತ್ತಿತ್ತು. 1930ರ ಏಪ್ರಿಲ್‌ನಲ್ಲಿ ಅವರು ಅಲೆಪ್ಪೊಗೆ ಹೋದರು. ಅಲ್ಲಿ ಜೊತೆಯಾದವನು ಜಾರ್ಜಿಯಸ್ ಖಲೀಲ್ ತಹಾನ್ ಎಂಬ ಸ್ಥಳೀಯ. ಊರಿನ ಶೇಖ್ ಆಳುಗಳನ್ನು ಕೊಟ್ಟ, ತನ್ನ ಗೋಧಿ ಹೊಲವನ್ನು ಅಗೆಯಲು ಬಿಟ್ಟ. ಏಪ್ರಿಲ್ 12ರಂದು, ಹೊಲದ ಸಾಕಷ್ಟು ಭಾಗವನ್ನು ಹಾಳುಮಾಡಿದ ಮೇಲೆ, ಎಂಟು ಅಡಿ ಆಳದಲ್ಲಿ ಒಂದು ಗೂಡು ಸಿಕ್ಕಿತು ಎಂದು ಅಹರೋನಿ ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. ಗೂಡಿನಲ್ಲಿ ಒಂದು ತಾಯಿ, 11 ಮರಿಗಳು. ಮರಿಗಳಿನ್ನೂ ಕಣ್ಣು ಬಿಟ್ಟಿರಲಿಲ್ಲ.

ತಾಯಿಯನ್ನೂ ಮರಿಗಳನ್ನೂ ಒಂದು ಪೆಟ್ಟಿಗೆಗೆ ಹಾಕಿದರು. ಹ್ಯಾಮ್ಸ್ಟರ್‌ಗೆ ಮನುಷ್ಯ ಕೊಟ್ಟ ಆ ಮೊದಲ ಮನೆಯಲ್ಲಿ ಮೊದಲು ನಡೆದದ್ದು ಒಂದು ಕೊಲೆ. ತಾಯಿ ತನ್ನ ಹತ್ತಿರಕ್ಕೆ ತೆವಳಿ ಬಂದ ಮರಿಯ ತಲೆಯನ್ನು ಕಚ್ಚಿ ತುಂಡರಿಸಿತು. ಉಳಿದವನ್ನೂ ಕೊಂದೀತೆಂದು ಹೆದರಿದ ಜಾರ್ಜಿಯಸ್ ತಾಯಿಯನ್ನು ಸಯನೈಡ್ ಸೀಸೆಗೆ ಹಾಕಿದ. ಅಹರೋನಿಗೆ ಇದು ತಾಯಿಯ ಕ್ರೌರ್ಯವಾಗಿ ಕಂಡಿತು. ಇಂದು ಹ್ಯಾಮ್ಸ್ಟರ್ ಸಾಕುವ ಯಾರಿಗಾದರೂ ಇದರ ಕಾರಣ ಗೊತ್ತು: ಗೂಡು ಕೆದಕಿ ಬೆದರಿಸಿದರೆ, ಅಡಗಲು ಜಾಗವಿಲ್ಲದಿದ್ದರೆ, ತಾಯಿ ಮರಿಗಳನ್ನು ಕೊಲ್ಲಬಹುದು. ಹೆತ್ತ ಹ್ಯಾಮ್ಸ್ಟರ್‌ನ ಪಂಜರವನ್ನು ಮೊದಲ ವಾರಗಳಲ್ಲಿ ಮುಟ್ಟಬಾರದು ಎಂದು ಹೇಳುವುದು ಅದಕ್ಕೇ.

ಕಣ್ಣು ತೆರೆಯದ ಹತ್ತು ಮರಿಗಳನ್ನು ಅಹರೋನಿ ಮತ್ತು ಅವರ ಹೆಂಡತಿ ತಾವೇ ಉಣಿಸಿ ಬೆಳೆಸಿದರು. ನಡುವೆ ಒಂದು ರಾತ್ರಿ ಎಲ್ಲವೂ ಪೆಟ್ಟಿಗೆಯಿಂದ ತಪ್ಪಿಸಿಕೊಂಡು, ಒಂಬತ್ತು ಮಾತ್ರ ಮರಳಿ ಸಿಕ್ಕವು. ಆ ಒಂಬತ್ತನ್ನು ಜೆರುಸಲೇಮಿನ ಸ್ಕೋಪಸ್ ಗುಡ್ಡದ ಮೇಲಿದ್ದ ವಿಶ್ವವಿದ್ಯಾಲಯದ ಪ್ರಾಣಿಶಾಲೆಯ ಮುಖ್ಯಸ್ಥ ಬೆನ್ ಮೆನಹೆಮ್ ಅವರಿಗೆ ಒಪ್ಪಿಸಿದರು. ಅವರು ಮರದ ತಳವಿದ್ದ ಪಂಜರದಲ್ಲಿ ಇಟ್ಟರು. ಇದು ಎರಡನೆಯ ಪೆಟ್ಟಿಗೆ. ಬೆಳಗಾಗುವ ಹೊತ್ತಿಗೆ ಐದು ಹ್ಯಾಮ್ಸ್ಟರ್‌ಗಳು ಮರವನ್ನು ಕೊರೆದು ಹೊರಟುಹೋಗಿದ್ದವು. ಉಳಿದ ನಾಲ್ಕರಲ್ಲಿ ಒಂದು ಹೆಣ್ಣನ್ನು ಗಂಡೊಂದು ಕೊಂದಿತು. ಬಂಗಾರದ ಹ್ಯಾಮ್ಸ್ಟರ್‌ನ ಪಂಜರದ ಕಥೆ ಇಲ್ಲಿಗೇ ಮುಗಿಯಬಹುದಿತ್ತು.

ಬೆನ್ ಮೆನಹೆಮ್ ಆಗ ಮಾಡಿದ ಕೆಲಸ ಸರಳವಾದದ್ದು. ಒಂದು ದೊಡ್ಡ ತಂತಿಬಲೆಯ ಪಂಜರ ತೆಗೆದುಕೊಂಡು ಅದರೊಳಗೆ ಒಣಹುಲ್ಲನ್ನು ಬಿಗಿಯಾಗಿ ಒತ್ತಿ ತುಂಬಿದರು. ಮೇಲೆ ಬೆಳಕು ಬೀಳಲು ಐದು ಸೆಂಟಿಮೀಟರಿನಷ್ಟು ಜಾಗ ಮಾತ್ರ ಬಿಟ್ಟರು. ಹೆಣ್ಣನ್ನು ಅದರ ಮೇಲೆ ಬಿಟ್ಟರು. ಅದು ಹುಲ್ಲನ್ನು ಕೊರೆಯುತ್ತ ಒಳಗೆ ಹೋಗಿ ತನ್ನ ದಾರಿ ಮಾಡಿಕೊಂಡಿತು. ಒಂದೆರಡು ದಿನದ ಮೇಲೆ ಅದರ ಜೊತೆಗೆ ಹುಟ್ಟಿದ ಒಂದು ಗಂಡನ್ನು ಬಿಟ್ಟರು. ಅದು ಹುಲ್ಲಿನ ಸುರಂಗಗಳಲ್ಲಿ ಹೆಣ್ಣನ್ನು ಅಟ್ಟಿಸಿಕೊಂಡು ಹೋಯಿತು. ಈ ಸಲ ಕೊಲೆಯಾಗಲಿಲ್ಲ, ಕೂಡಿದವು. ಹ್ಯಾಮ್ಸ್ಟರ್‌ನ ಗರ್ಭದ ಅವಧಿ 16 ದಿನ. ವರ್ಷ ಕಳೆಯುವಷ್ಟರಲ್ಲಿ ಅಲ್ಲಿ 150 ಹ್ಯಾಮ್ಸ್ಟರ್‌ಗಳಿದ್ದವು.

ಪಂಜರ ಕೊಟ್ಟವರು ಒಬ್ಬರೇ, ಪ್ರಾಣಿಗಳೂ ಅವೇ. ಹುಲ್ಲು ತುಂಬಿದ ಪಂಜರದಲ್ಲಿ ಅಗೆಯಲು ಏನೋ ಇತ್ತು, ಮರೆಯಾಗಲು ಜಾಗವಿತ್ತು, ಒಂದನ್ನೊಂದು ನೋಡದೆ ಇರಲು ಸಾಧ್ಯವಿತ್ತು. ಪಂಜರವನ್ನು ಇನ್ನಷ್ಟು ಭದ್ರಪಡಿಸುವುದರ ಜೊತೆಗೆ ಅದನ್ನು ಬಿಲದ ಹಾಗೆ ಮಾಡಿದ್ದರಿಂದ ಈ ಜಾತಿ ಸೆರೆಯಲ್ಲಿ ಉಳಿಯಿತು.

ಹುಲ್ಲು ಎಲ್ಲಿ ಹೋಯಿತು

150 ಇದ್ದದ್ದು ಬೇಗ ಸಾವಿರಗಳಾಯಿತು. 1931ರಲ್ಲಿ ಆಡ್ಲರ್ ಕೆಲವನ್ನು ಇಂಗ್ಲೆಂಡಿಗೆ ಒಯ್ದರು. ಕೋಟಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡು ಹೋದರು ಎಂದು ಹೇಳುತ್ತಾರೆ. 1938ರ ಹೊತ್ತಿಗೆ ಅವು ಅಮೆರಿಕದ ಪ್ರಯೋಗಶಾಲೆಗಳಲ್ಲಿದ್ದವು. ಕೆನ್ನೆಚೀಲದೊಳಗೆ ನೆಟ್ಟ ಅನ್ಯ ಅಂಗಾಂಶವನ್ನು ದೇಹ ಬೇಗ ತಿರಸ್ಕರಿಸುವುದಿಲ್ಲ ಎಂದು ಗೊತ್ತಾದ ಮೇಲೆ ಕ್ಯಾನ್ಸರ್ ಸಂಶೋಧಕರು ಅವನ್ನು ಬಳಸಿದರು. ದೇಹದ ಒಳಗಡಿಯಾರದ ಬಗ್ಗೆ ಇಂದು ತಿಳಿದಿರುವುದರಲ್ಲಿ ಒಂದು ಪಾಲು ಹ್ಯಾಮ್ಸ್ಟರ್ ಚಕ್ರ ತುಳಿದ ಲೆಕ್ಕದಿಂದ ಬಂದದ್ದು. ಕೊರೊನಾ ಕಾಲದಲ್ಲಿ ಕೊವ್ಯಾಕ್ಸಿನ್ ಮನುಷ್ಯರಿಗೆ ವ್ಯಾಪಕವಾಗಿ ಸಿಗುವ ಮೊದಲು ಅದನ್ನು ಪರೀಕ್ಷಿಸಿದ ಪ್ರಾಣಿಗಳಲ್ಲಿ ಇದೂ ಒಂದು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು ಹೈದರಾಬಾದಿನ ಲಸಿಕೆಯನ್ನು ಬಂಗಾರದ ಹ್ಯಾಮ್ಸ್ಟರ್‌ಗಳ ಮೇಲೆ ಪ್ರಯೋಗಿಸಿ ನೋಡಿದ್ದರು.

ಪ್ರಯೋಗಶಾಲೆಗೆ ಬೇಕಾದ ಪಂಜರ ಬೇರೆ. ಪ್ರಾಣಿ ಕಾಣಬೇಕು, ಕೈಗೆ ಸಿಗಬೇಕು, ತೊಳೆಯಲು ಸುಲಭವಾಗಿರಬೇಕು, ಒಂದರ ಮೇಲೊಂದು ಜೋಡಿಸುವಂತಿರಬೇಕು. ಹುಲ್ಲು ತುಂಬಿದ ಪಂಜರ ಇದ್ಯಾವುದಕ್ಕೂ ಹೊಂದುವುದಿಲ್ಲ. ಶೂ ಪೆಟ್ಟಿಗೆಯಂಥ ತಗಡಿನ, ಆಮೇಲೆ ಪ್ಲಾಸ್ಟಿಕ್ಕಿನ ಗೂಡು, ತೆಳ್ಳಗೆ ಹರಡಿದ ಮರದ ಹೊಟ್ಟು, ಇಷ್ಟೇ ಉಳಿಯಿತು. ಮರಿಗಳು ಅದರಲ್ಲೂ ಹುಟ್ಟಿದವು. ಹುಟ್ಟುತ್ತಲೇ ಇದ್ದುದರಿಂದ ಆ ಗೂಡು ಸಾಕು ಎಂಬ ತೀರ್ಮಾನಕ್ಕೆ ಯಾರೂ ತಕರಾರು ತೆಗೆಯಲಿಲ್ಲ.

1940ರ ದಶಕದಲ್ಲಿ ಅಮೆರಿಕದ ಅಲಬಾಮಾದ ಆಲ್ಬರ್ಟ್ ಮಾರ್ಷ್ ಹ್ಯಾಮ್ಸ್ಟರ್ ಸಾಕಣೆಯನ್ನು ದಂಧೆಯಾಗಿ ಬೆಳೆಸಿದ. ಪಣದಲ್ಲಿ ಗೆದ್ದ ಒಂದು ಹ್ಯಾಮ್ಸ್ಟರ್‌ನಿಂದ ಅವನ ವ್ಯವಹಾರ ಶುರುವಾಯಿತಂತೆ. ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟ, ಸಾಕುವವರಿಗೆ ಕೈಪಿಡಿ ಬರೆದ, ಜೋಡಿಗಳನ್ನು ಅಂಚೆ, ರೈಲಿನ ಮೂಲಕ ಕಳಿಸಿದ. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಹ್ಯಾಮ್ಸ್ಟರ್ ಅಮೆರಿಕದ, ಬ್ರಿಟನ್ನಿನ ಮಕ್ಕಳ ಕೋಣೆ ಸೇರಿತು. ಅಗ್ಗ, ವಾಸನೆ ಕಡಿಮೆ, ಚಿಕ್ಕ ಜಾಗ ಸಾಕು ಎಂಬುದೇ ಅದರ ಪ್ರಚಾರ. ಮೊದಲೆರಡು ಮಾತು ಸರಿ. ಮೂರನೆಯದು ಪ್ರಯೋಗಶಾಲೆಯಿಂದ ಎರವಲು ಬಂದದ್ದು. ಮುಂದೆ ಬಣ್ಣದ ಪ್ಲಾಸ್ಟಿಕ್ ಕೊಳವೆಗಳನ್ನು ಜೋಡಿಸುವ ಪಂಜರಗಳು ಬಂದವು. ಅವು ಸುರಂಗವನ್ನು ನೆನಪಿಸುತ್ತವೆ ನಿಜ, ಆದರೆ ಆ ಸುರಂಗ ಪಾರದರ್ಶಕ. ಒಳಗೆ ಕೂತ ಪ್ರಾಣಿಗೆ ಮರೆಯಿಲ್ಲ, ಅಗೆಯುವ ಕೆಲಸವೂ ಇಲ್ಲ.

ಇಷ್ಟೂ ಕಾಲ ಒಂದು ಪ್ರಶ್ನೆಯನ್ನು ಯಾರೂ ಹಿಂಬಾಲಿಸಲಿಲ್ಲ. ಅಲೆಪ್ಪೊದ ಆ ಹೊಲದಲ್ಲಿ ಅಗೆದವರು ಗೂಡನ್ನು ತೆಗೆದುಕೊಂಡು ಬಂದರು; ಬಿಲದ ಅಳತೆ ತರಲಿಲ್ಲ. ಜಗತ್ತಿನ ಅತಿ ಪರಿಚಿತ ಪ್ರಾಣಿಗಳಲ್ಲಿ ಒಂದು ತನ್ನ ಊರಿನಲ್ಲಿ ಹೇಗೆ ಬದುಕುತ್ತದೆ ಎಂಬುದು ಬಹುಮಟ್ಟಿಗೆ ಕತ್ತಲಲ್ಲೇ ಇತ್ತು. 1971ರಲ್ಲಿ ಮೈಕೆಲ್ ಮರ್ಫಿ ಅಲೆಪ್ಪೊಗೆ ಹೋಗಿ ಹತ್ತಾರು ಹ್ಯಾಮ್ಸ್ಟರ್‌ಗಳನ್ನು ಅಮೆರಿಕಕ್ಕೆ ತಂದರು. ಅಹರೋನಿಯ ಕಥೆಯನ್ನು ಇಂಗ್ಲಿಷ್ ಓದುಗರಿಗೆ ವಿವರವಾಗಿ ಹೇಳಿದವರೂ ಅವರೇ. ಅದನ್ನು ಬಿಟ್ಟರೆ ಹೊರಗಿನಿಂದ ಬಂದ ಹೊಸ ರಕ್ತ ಬಹಳ ಕಡಿಮೆ. ಇಂದು ಮನೆಗಳಲ್ಲಿರುವ ಬಂಗಾರದ ಹ್ಯಾಮ್ಸ್ಟರ್‌ಗಳು ಬಹುತೇಕ ಎಲ್ಲವೂ ಹುಲ್ಲು ತುಂಬಿದ ಆ ಪಂಜರದ ಸಂತಾನ.

ಬಿಲದ ಅಳತೆ

ಜರ್ಮನಿಯ ಹಾಲೆ ವಿಶ್ವವಿದ್ಯಾಲಯದ ರೋಲ್ಫ್ ಗಾಟರ್‌ಮನ್ ಮತ್ತು ಅವರ ಜೊತೆಗಾರರು 1997ರ ಸೆಪ್ಟೆಂಬರ್‌ನಲ್ಲಿ, ಮತ್ತೆ 1999ರ ಮಾರ್ಚ್‌ನಲ್ಲಿ ಅಲೆಪ್ಪೊ ಸುತ್ತಲಿನ ಬಯಲಿಗೆ ಹೋದರು. ಹ್ಯಾಮ್ಸ್ಟರ್ ವಾಸವಿದ್ದ 30 ಬಿಲಗಳನ್ನು ಗುರುತಿಸಿ, ಅವುಗಳಲ್ಲಿ 23ರ ರಚನೆಯನ್ನು ಅಳೆದರು. 2001ರಲ್ಲಿ ಪ್ರಕಟವಾದ ಆ ವರದಿ ಕೆಲವೇ ಪುಟಗಳದ್ದು, ಆದರೆ ಪಂಜರ ಕಟ್ಟುವವರಿಗೆ ಬೇಕಾದ ನಕ್ಷೆ ಅದರಲ್ಲಿದೆ.

ಬಿಲಕ್ಕೆ ಒಂದೇ ಬಾಗಿಲು. ಅಲ್ಲಿಂದ ನೇರ ಕೆಳಗಿಳಿಯುವ ಬಾವಿಯಂಥ ಕೊಳವೆ. ಬೆದರಿದ ಪ್ರಾಣಿ ಅದರೊಳಗೆ ಬಿದ್ದರೆ ಸಾಕು, ಕ್ಷಣದಲ್ಲಿ ಮರೆ. ತಳದಲ್ಲಿ ಮಲಗುವ ಕೋಣೆ ಕನಿಷ್ಠ ಒಂದು, ಕಾಳು ಕೂಡಿಡುವ ಕೋಣೆ ಕನಿಷ್ಠ ಒಂದು. ಮೂತ್ರಕ್ಕೆಂದು ಬೇರೆಯೇ ಒಂದು ಕುರುಡು ದಾರಿ. ಆಳ 36ರಿಂದ 106 ಸೆಂಟಿಮೀಟರ್. ಎಲ್ಲ ದಾರಿಗಳ ಒಟ್ಟು ಉದ್ದ ಸರಾಸರಿ ಎರಡು ಮೀಟರ್, ಕೆಲವು ಕಡೆ ಒಂಬತ್ತು ಮೀಟರ್. ಅಹರೋನಿಯ ಎಂಟು ಅಡಿ ಆಳಕ್ಕೆ ಹೋಲಿಸಿದರೆ ಇದು ಬಹಳ ಕಡಿಮೆ. ಅವರು ಸುರಂಗವನ್ನು ಹಿಂಬಾಲಿಸಿ ಅಗೆದ ಗುಂಡಿ ನೆನಪಿನಲ್ಲಿ ಆಳವಾಗಿರಬಹುದು. ಅಷ್ಟಾದರೂ 150 ಗ್ರಾಂ ಮೀರದ ಪ್ರಾಣಿಗೆ ಒಂದು ಮೀಟರ್ ಆಳ ಸಣ್ಣದಲ್ಲ.

ಇನ್ನೂ ಮುಖ್ಯವಾದ ಸಂಗತಿ ಎಂದರೆ ಯಾವ ಬಿಲದಲ್ಲೂ ಒಂದಕ್ಕಿಂತ ಹೆಚ್ಚು ವಯಸ್ಕ ಹ್ಯಾಮ್ಸ್ಟರ್ ಇರಲಿಲ್ಲ. ವಾಸವಿದ್ದ ಬಿಲಗಳ ನಡುವೆ ನೂರು ಮೀಟರಿಗೂ ಮಿಕ್ಕಿದ ಅಂತರವಿತ್ತು. ಸ್ಕೋಪಸ್ ಗುಡ್ಡದ ಮರದ ಪಂಜರದಲ್ಲಿ ಗಂಡು ಹೆಣ್ಣನ್ನು ಕೊಂದದ್ದಕ್ಕೆ ಇಲ್ಲಿ ಉತ್ತರವಿದೆ. ಇದು ಒಂಟಿ ಪ್ರಾಣಿ. ಜೊತೆಗಾರನಿಲ್ಲದೆ ಬೇಸರವಾದೀತೆಂದು ಎರಡನ್ನು ಒಟ್ಟಿಗೆ ಇಡುವುದು ಮನುಷ್ಯನ ಮರುಕವೇ ಹೊರತು ಹ್ಯಾಮ್ಸ್ಟರ್‌ನ ಬಯಕೆಯಲ್ಲ.

ಬಿಲಗಳಲ್ಲಿ ಹೆಚ್ಚಿನವು ಬೇಸಾಯದ ಹೊಲಗಳಲ್ಲಿ, ಅದರಲ್ಲೂ ದ್ವಿದಳ ಧಾನ್ಯ ಬೆಳೆಯುವ ಕಡೆ ಇದ್ದವು. ರಸೆಲ್ ಕಂಡ ಹುರುಳಿಕಾಯಿಗಳ ನೆನಪಾಗುತ್ತದೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಗೊತ್ತಿರುವವರಿಗೆ ಈ ಬಿಲದ ಕಾಳಿನ ಕೋಣೆ ಅರ್ಥವಾಗಲು ಬೇರೆ ವಿವರಣೆ ಬೇಕಿಲ್ಲ. ನೆಲದೊಳಗೆ ತೋಡಿದ ಕಣಜ, ಕಿರಿದಾದ ಬಾಯಿ, ಹೊರಗಿನ ಬಿಸಿಲು ಮಳೆ ತಾಗದ ಒಣ ಕತ್ತಲು. ಕ್ಷಾಮದ ಭಯವಿದ್ದ ನಾಡಿನಲ್ಲಿ ಮನುಷ್ಯ ಮಾಡಿದ್ದನ್ನೇ ಬೇಸಗೆ ಉರಿಯುವ, ಚಳಿ ಕೊರೆಯುವ ಬಯಲಿನಲ್ಲಿ ಈ ಪ್ರಾಣಿಯೂ ಮಾಡುತ್ತದೆ. ನಮ್ಮ ಹೊಲಗಳ ಹೆಗ್ಗಣವೂ ತನ್ನ ಬಿಲದಲ್ಲಿ ಭತ್ತದ ತೆನೆ ಕೂಡಿಡುತ್ತದೆ. ತಮಿಳುನಾಡಿನ ಇರುಳರು ಅಂಥ ಬಿಲ ಅಗೆದು ಭತ್ತವನ್ನು ಹೊರತೆಗೆಯುವುದು ಹಳೆಯ ರೂಢಿ.

ಕೆಲವು ವರ್ಷಗಳ ನಂತರ ದಕ್ಷಿಣ ತುರ್ಕಿಯ ಹೊಲಗಳಲ್ಲಿ ನಡೆಸಿದ ವೀಕ್ಷಣೆಯಿಂದ ಇನ್ನೊಂದು ಅಚ್ಚರಿ ಬಂತು. ಪ್ರಯೋಗಶಾಲೆಯಲ್ಲಿ ರಾತ್ರಿಯ ಪ್ರಾಣಿಯೆಂದೇ ಹೆಸರಾದ ಹ್ಯಾಮ್ಸ್ಟರ್, ತನ್ನ ನಾಡಿನಲ್ಲಿ ಬೆಳಿಗ್ಗೆ ಮತ್ತು ಸಂಜೆ, ಹಗಲು ಬೆಳಕಿನಲ್ಲೇ ಹೊರಗೆ ಬರುತ್ತಿತ್ತು. 2008ರಲ್ಲಿ ಗಾಟರ್‌ಮನ್ ತಂಡ ಇದನ್ನು ಪ್ರಕಟಿಸಿತು. ದಶಕಗಳ ಕಾಲ ಒಳಗಡಿಯಾರದ ಸಂಶೋಧನೆಗೆ ಆಧಾರವಾಗಿದ್ದ ಪ್ರಾಣಿಯ ದಿನಚರಿಯನ್ನೇ ಪಂಜರ ಬದಲಿಸಿತ್ತು. ಹೊರಗೆ ಬಂದರೂ ಅದು ಬೇಗ ಆಹಾರ ತುಂಬಿಕೊಂಡು ಮರಳಿ ಬಿಲ ಸೇರುತ್ತಿತ್ತು. ಅದರ ಬದುಕಿನ ಬಹುಪಾಲು ನೆಲದ ಕೆಳಗೇ.

ಹಲ್ಲು ಕಡಿಯುವುದರ ಅರ್ಥ

ಹಾಗಾದರೆ ಪಂಜರದಲ್ಲಿ ಎಷ್ಟು ಆಳ ಬೇಕು? ಸ್ವಿಟ್ಜರ್‌ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ಇದಕ್ಕೆ ನೇರವಾದ ಪ್ರಯೋಗದ ಫಲ ಪ್ರಕಟಿಸಿದರು. ಕೆಲವು ಹ್ಯಾಮ್ಸ್ಟರ್‌ಗಳಿಗೆ 10 ಸೆಂಟಿಮೀಟರ್, ಕೆಲವಕ್ಕೆ 40, ಕೆಲವಕ್ಕೆ 80 ಸೆಂಟಿಮೀಟರ್ ಆಳದ ಹೊಟ್ಟು ಕೊಟ್ಟರು. ಆಳವಾದ ಹೊಟ್ಟು ಸಿಕ್ಕವು ಬಿಲ ತೋಡಿಕೊಂಡವು. 10 ಸೆಂಟಿಮೀಟರಿನವು ಉಳಿದವುಗಳಿಗಿಂತ ಹೆಚ್ಚು ತಂತಿ ಕಡಿದವು, ಚಕ್ರವನ್ನೂ ಹೆಚ್ಚು ತುಳಿದವು. ಅದೇ ತಂಡ ಪಂಜರದ ನೆಲದಳತೆಯನ್ನೂ ಪರೀಕ್ಷಿಸಿತು. ಚಿಕ್ಕ ಪಂಜರಗಳಲ್ಲಿ ತಂತಿ ಕಡಿಯುವ ಹೊತ್ತು ಹೆಚ್ಚು; ಒಂದು ಚದರ ಮೀಟರ್ ನೆಲ ಕೊಟ್ಟರೂ ಅದು ಪೂರ್ತಿ ನಿಲ್ಲಲಿಲ್ಲ.

ಎರಡನ್ನೂ ಒಟ್ಟಿಗೆ ಓದಿದರೆ ಜಾಗವಷ್ಟೇ ಸಾಲದು, ಆಳವೂ ಬೇಕು ಎಂದು ತಿಳಿಯುತ್ತದೆ. ಹಲ್ಲು ಸವೆಸಲು ಮರದ ತುಂಡು, ಗಟ್ಟಿ ಕಾಳು ಸಾಕು. ಒಂದೇ ಜಾಗದಲ್ಲಿ ನಿಂತು ಗಂಟೆಗಟ್ಟಲೆ ಕಂಬಿ ಕಡಿಯುವುದು ಹೊರಗೆ ಹೋಗುವ ದಾರಿ ಹುಡುಕುವ ಕೆಲಸ. ಸ್ಕೋಪಸ್ ಗುಡ್ಡದ ಐದು ಹ್ಯಾಮ್ಸ್ಟರ್‌ಗಳು ಒಂದು ರಾತ್ರಿಯಲ್ಲಿ ಮಾಡಿದ್ದು ಅದೇ. ಅವುಗಳ ಮುಂದಿದ್ದದ್ದು ಮರ, ದಾರಿಯಾಯಿತು. ಇಂದಿನವುಗಳ ಮುಂದಿರುವುದು ಉಕ್ಕು.

ಚಕ್ರದ ವಿಷಯ ಸ್ವಲ್ಪ ಬೇರೆ. ಚಕ್ರ ತುಳಿಯುವುದು ಸೆರೆಯ ಹುಚ್ಚು ಎಂದು ಬಹಳ ಕಾಲ ನಂಬಿದ್ದರು. ನೆದರ್ಲೆಂಡ್ಸಿನ ಲೈಡನ್ನಿನ ಸಂಶೋಧಕರು ಬಯಲಿನಲ್ಲಿ ಚಕ್ರಗಳನ್ನಿಟ್ಟು ಕಾದು, 2014ರಲ್ಲಿ ಅದರ ಫಲ ಪ್ರಕಟಿಸಿದರು: ಯಾರೂ ಕಟ್ಟಿಹಾಕದ ಕಾಡು ಇಲಿಗಳೂ ತಾವಾಗಿ ಬಂದು ಚಕ್ರ ತುಳಿದಿದ್ದವು. ಹಾಗಾಗಿ ಚಕ್ರ ಇರಲಿ, ಆದರೆ ದೊಡ್ಡದಿರಲಿ. ಬೆನ್ನು ಹಿಂದಕ್ಕೆ ಬಾಗದಷ್ಟು ವ್ಯಾಸ, ಕಾಲು ಸಿಕ್ಕಿಕೊಳ್ಳದಂತೆ ಸಂದಿಲ್ಲದ ಮೈ ಇರಬೇಕು. ಬಂಗಾರದ ಹ್ಯಾಮ್ಸ್ಟರ್‌ಗೆ ಅಂಗೈಯಗಲದ ಚಕ್ರ ಹೊಂದುವುದಿಲ್ಲ. ಆಯ್ಕೆ ಕೊಟ್ಟಾಗ ಅವು ದೊಡ್ಡ ಚಕ್ರವನ್ನೇ ಆರಿಸಿಕೊಂಡದ್ದು ಪ್ರಯೋಗಗಳಲ್ಲಿ ಕಂಡಿದೆ.

ಮನೆಯೊಳಗೊಂದು ಬಿಲ

ಈ ತಿಳಿವು ಮೊದಲು ಮನೆಮಾತಾದದ್ದು ಜರ್ಮನ್ ಮಾತಾಡುವ ನಾಡುಗಳ ಸಾಕಣೆದಾರರಲ್ಲಿ. ಅಲ್ಲಿ ಒಂದು ಮೀಟರ್ ಉದ್ದ, ಅರ್ಧ ಮೀಟರ್ ಅಗಲದ ಗಾಜಿನ ಅಥವಾ ಮರದ ತೊಟ್ಟಿ ಕನಿಷ್ಠ ಎಂಬ ಲೆಕ್ಕ ರೂಢಿಗೆ ಬಂತು. ತಂತಿಯ ಪಂಜರದಲ್ಲಿ ಆಳವಾಗಿ ಹೊಟ್ಟು ತುಂಬಿದರೆ ಹೊರಗೆ ಚೆಲ್ಲುತ್ತದೆ. ಎತ್ತರದ ಗೋಡೆಯ ತೊಟ್ಟಿಗೆ ಆ ತೊಂದರೆ ಇಲ್ಲ. ಮೇಲ್ಭಾಗಕ್ಕೆ ಗಾಳಿಯಾಡುವ ಬಲೆ. ಬಳಕೆ ಮುಗಿದ ಮೀನಿನ ತೊಟ್ಟಿಯೋ, ಬದಿಗೆ ಬಲೆ ಕೂರಿಸಿದ ದೊಡ್ಡ ಪ್ಲಾಸ್ಟಿಕ್ ಡಬ್ಬವೋ ಅಂಗಡಿಯ ಪಂಜರಕ್ಕಿಂತ ಅಗ್ಗದಲ್ಲಿ ಆಗಬಹುದು.

ತೊಟ್ಟಿಯ ಒಂದು ಅರ್ಧದಲ್ಲಾದರೂ 30ರಿಂದ 40 ಸೆಂಟಿಮೀಟರ್ ಹೊಟ್ಟು ಬೇಕು. ಬರೀ ಮರದ ಹೊಟ್ಟು ಸುರಿದರೆ ತೋಡಿದ ದಾರಿ ಕುಸಿಯುತ್ತದೆ. ಬೆನ್ ಮೆನಹೆಮ್ ಮಾಡಿದ ಹಾಗೆ ನಡುನಡುವೆ ಒಣಹುಲ್ಲಿನ ಪದರ ಹಾಸಿ ಕೈಯಿಂದ ಒತ್ತಿದರೆ ಸುರಂಗ ನಿಲ್ಲುತ್ತದೆ. ದೇವದಾರಿನಂಥ ಘಾಟು ವಾಸನೆಯ ಮರದ ಹೊಟ್ಟು ಸಣ್ಣ ಪ್ರಾಣಿಗಳ ಉಸಿರಿಗೆ ಒಳ್ಳೆಯದಲ್ಲ. ಹಾಸಿಗೆಗೆಂದು ಮಾರುವ ಹತ್ತಿಯಂಥ ನೂಲೂ ಬೇಡ. ಅದು ಕಾಲಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಬಣ್ಣ, ಪರಿಮಳವಿಲ್ಲದ ಟಿಶ್ಯೂ ಕಾಗದವನ್ನು ಹರಿದು ಕೊಟ್ಟರೆ ಹ್ಯಾಮ್ಸ್ಟರ್ ಅದನ್ನು ಕೆನ್ನೆಗೆ ತುಂಬಿಕೊಂಡು ಹೋಗಿ ತಾನೇ ಗೂಡು ಮಾಡಿಕೊಳ್ಳುತ್ತದೆ.

ಅಡಗುತಾಣವೆಂದರೆ ಅಲಂಕಾರದ ಒಂದು ಮನೆ ಎಂದುಕೊಳ್ಳುವುದು ಸಾಮಾನ್ಯ. ಗಾಟರ್‌ಮನ್ ಅಳೆದ ಬಿಲ ಹೇಳುವುದು ಬೇರೆ: ಮಲಗಲು, ಕಾಳಿಡಲು, ಮೂತ್ರಕ್ಕೆ ಬೇರೆ ಬೇರೆ ಜಾಗ. ಇದಕ್ಕೆ ತಕ್ಕಂತೆ ಒಳಗೆ ಎರಡು ಮೂರು ಕೋಣೆಗಳಿರುವ, ತಳವಿಲ್ಲದ ಮರದ ಪೆಟ್ಟಿಗೆಯನ್ನು ಹೊಟ್ಟಿನೊಳಗೆ ಹುದುಗಿಸಿ ಇಡುತ್ತಾರೆ. ಬಾಗಿಲು ಮೇಲ್ಮೈಯಲ್ಲಿ ತೆರೆದಿರಬೇಕು. ತಳವಿಲ್ಲದ ಕಾರಣ ಅಲ್ಲಿಂದ ಕೆಳಗೆ ಅದು ತನ್ನ ದಾರಿ ತಾನೇ ಅಗೆಯುತ್ತದೆ. ಮೇಲ್ಗಡೆ ರಟ್ಟಿನ ಕೊಳವೆ, ತೆಂಗಿನ ಚಿಪ್ಪು, ಮಗುಚಿಟ್ಟ ಮಣ್ಣಿನ ಕುಡಿಕೆ ಇದ್ದರೆ ಒಂದು ಮರೆಯಿಂದ ಇನ್ನೊಂದು ಮರೆಗೆ ಓಡಾಡಬಹುದು. ಬಟ್ಟಬಯಲನ್ನು ದಾಟಲು ಅಂಜುವ ಪ್ರಾಣಿ ಇದು. ಅದರ ನಾಡಿನ ಆಕಾಶದಲ್ಲಿ ಹದ್ದು, ಗೂಬೆಗಳಿವೆ. ಒಂದು ಮೂಲೆಯಲ್ಲಿ ಅಗಲವಾದ ತಟ್ಟೆಯಲ್ಲಿ ಮರಳಿಟ್ಟರೆ ಹೊರಳಾಡಿ ಮೈ ಶುಚಿ ಮಾಡಿಕೊಳ್ಳುತ್ತದೆ, ಎಷ್ಟೋ ಸಲ ಮೂತ್ರಕ್ಕೂ ಅದನ್ನೇ ಬಳಸುತ್ತದೆ. ಆಗ ಪಂಜರ ಶುಚಿಗೊಳಿಸುವ ಕೆಲಸ ಅರ್ಧಕ್ಕರ್ಧ ಇಳಿಯುತ್ತದೆ.

ವಾರಕ್ಕೊಮ್ಮೆ ಎಲ್ಲವನ್ನೂ ಹೊರಗೆ ಸುರಿದು ತೊಳೆಯುವುದು ಪ್ರಯೋಗಶಾಲೆಯಿಂದ ಬಂದ ಪದ್ಧತಿ. ಹ್ಯಾಮ್ಸ್ಟರ್ ತನ್ನ ಪಕ್ಕೆಯಲ್ಲಿರುವ ಗ್ರಂಥಿಗಳಿಂದ ದಾರಿಗಳಿಗೆ ವಾಸನೆಯ ಗುರುತು ಹಾಕುತ್ತದೆ. ಕಾಳಿನ ಕೋಣೆ ಅದರ ಭರವಸೆ. ಎರಡನ್ನೂ ಒಮ್ಮೆಲೇ ತೆಗೆದುಹಾಕಿದರೆ ಹೊಲ ಉತ್ತು ಬಿಲ ಕೆಡವಿದಂತೆಯೇ. ಒದ್ದೆಯಾದ ಭಾಗವನ್ನು ಮಾತ್ರ ತೆಗೆದು, ಕೊಳೆಯುವ ಹಸಿ ತರಕಾರಿಯನ್ನು ಹುಡುಕಿ ಎಸೆದು, ಒಣ ಕಾಳಿನ ರಾಶಿಯನ್ನು ಇದ್ದಲ್ಲೇ ಬಿಟ್ಟು, ಹಳೆಯ ಹೊಟ್ಟಿನ ಒಂದು ಪಾಲನ್ನು ಹೊಸದರೊಂದಿಗೆ ಬೆರೆಸುವುದು ಮೇಲು.

ಚೆನ್ನೈ, ಹೈದರಾಬಾದು, ದೆಹಲಿಗಳ ಬೇಸಗೆಯಲ್ಲಿ ಆಳದ ಇನ್ನೊಂದು ಉಪಯೋಗ ಕಾಣುತ್ತದೆ. ಅಲೆಪ್ಪೊದ ಬೇಸಗೆಯೂ ಬಿರುಸಿನದೇ, ಆದರೆ ಅಲ್ಲಿ ಕೆಳಗೆ ಮಣ್ಣಿನ ತಂಪಿದೆ. ಮೂರನೆಯ ಮಹಡಿಯ ಬಾಲ್ಕನಿಯಲ್ಲಿಟ್ಟ ತಂತಿಯ ಪಂಜರಕ್ಕೆ ಅದಿಲ್ಲ. ಹ್ಯಾಮ್ಸ್ಟರ್ ಬಿಸಿಲಾಘಾತದಿಂದ ಸಾಯಬಲ್ಲದು. ತೊಟ್ಟಿಯನ್ನು ಬಿಸಿಲು ಬೀಳದ, ಮನೆಯ ಅತಿ ತಂಪಾದ ಕೋಣೆಯಲ್ಲಿ ನೆಲದ ಹತ್ತಿರ ಇಟ್ಟು, ಹೊಟ್ಟಿನಲ್ಲಿ ಅರ್ಧ ಹುದುಗುವಂತೆ ಒಂದು ಮಣ್ಣಿನ ಕುಡಿಕೆಯನ್ನೋ ಪಿಂಗಾಣಿ ಬಟ್ಟಲನ್ನೋ ಮಗುಚಿಡುವುದು ಸುಲಭದ ಉಪಾಯ. ಗಾಜಿನ ತೊಟ್ಟಿಗೆ ಬಿಸಿಲು ತಾಗಿದರೆ ಅದು ಒಲೆಯಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಬರುವ ದೂರು ಒಂದೇ: ಹ್ಯಾಮ್ಸ್ಟರ್ ಕಾಣುವುದೇ ಇಲ್ಲ. ದಿನದ ಹೆಚ್ಚು ಹೊತ್ತು ಹೊಟ್ಟಿನ ಮೇಲೆ ಒಂದು ರಂಧ್ರ ಮಾತ್ರ. ಮಕ್ಕಳಿಗೆ ಇದು ನಿರಾಸೆಯಾಗುತ್ತದೆ. ಹಠಮಾಡಿ ತಂದ ಪ್ರಾಣಿಯನ್ನು ಎತ್ತಿ ಆಡಿಸಬೇಕೆಂಬ ಆಸೆಗೂ, ಒಂಟಿಯಾಗಿ ಮರೆಯಲ್ಲಿರಬೇಕೆಂಬ ಪ್ರಾಣಿಯ ಸ್ವಭಾವಕ್ಕೂ ಇರುವ ಜಗಳ ಹೀಗೆ ಬಯಲಿಗೆ ಬರುತ್ತದೆ. ಆ ಜಗಳದಲ್ಲಿ ಎಂಬತ್ತು ಚಿಲ್ಲರೆ ವರ್ಷ ಗೆದ್ದದ್ದು ನೋಡುವವರ ಆಸೆಯೇ. ಪಂಜರಗಳು ಅದಕ್ಕೆ ತಕ್ಕಂತೆ ಆದವು. ಮರೆ ಸಿಕ್ಕ ಹ್ಯಾಮ್ಸ್ಟರ್ ಕೆಲವು ವಾರಗಳಲ್ಲಿ ಅಂಜಿಕೆ ಬಿಟ್ಟು, ಸಂಜೆ ತನ್ನಷ್ಟಕ್ಕೆ ಮೇಲೆ ಬಂದು ಕೈಯಲ್ಲಿರುವ ಕುಂಬಳದ ಬೀಜ ತೆಗೆದುಕೊಂಡು ಹೋಗುವುದೂ ಉಂಟು. ಅಷ್ಟಕ್ಕೆ ಒಪ್ಪಿಗೆಯಿಲ್ಲದಿದ್ದರೆ ಬೇರೆ ಪ್ರಾಣಿಯನ್ನು ಸಾಕುವುದು ಒಳ್ಳೆಯದು.

ಅತ್ತ ಹ್ಯಾಮ್ಸ್ಟರ್‌ನ ಮೂಲ ನೆಲ ಅಲೆಪ್ಪೊ ಸುತ್ತಲಿನ 10,000ದಿಂದ 15,000 ಚದರ ಕಿಲೋಮೀಟರಿನ ಬಯಲು ಮಾತ್ರ. ಅಲ್ಲಿಯ ರೈತರಿಗೆ ಅದು ಬೆಳೆ ಕದಿಯುವ ಪೀಡೆ. ವಿಷ ಇಡುತ್ತಾರೆ, ಬಿಲ ಅಗೆಯುತ್ತಾರೆ. ಅದರ ಮೇಲೆ 2012ರಿಂದ ಅಲೆಪ್ಪೊ ಕಂಡ ಯುದ್ಧ. ಅಳಿವಿನ ಆತಂಕದಲ್ಲಿರುವ ಪ್ರಾಣಿಗಳ ಕೆಂಪು ಪಟ್ಟಿಯಲ್ಲಿ ಬಂಗಾರದ ಹ್ಯಾಮ್ಸ್ಟರ್ ಇದೆ. ಹೊಲದಲ್ಲಿ ಅದರ ಬಿಲಗಳು ಕಡಿಮೆಯಾಗುತ್ತ ಹೋದಂತೆ, ಆ ಬಿಲ ಹೇಗಿತ್ತು ಎಂಬ ತಿಳಿವನ್ನು ಉಳಿಸಿಕೊಳ್ಳುವ ಜಾಗ ದೂರದೂರದ ಮನೆಗಳ ತೊಟ್ಟಿಗಳೇ ಆಗುತ್ತಿವೆ. ಸಾಲುಸಾಲು ತಲೆಮಾರು ಮಣ್ಣನ್ನೇ ಕಾಣದ ಹ್ಯಾಮ್ಸ್ಟರ್ ಕೂಡ, ಒಂದಡಿ ಹೊಟ್ಟು ಸಿಕ್ಕ ಮೊದಲ ರಾತ್ರಿಯೇ ಅಗೆಯತೊಡಗುತ್ತದೆ. ಮಲಗುವ ಕೋಣೆಯನ್ನು ಒಂದು ಕಡೆ, ಕಾಳಿನ ಕೋಣೆಯನ್ನು ಇನ್ನೊಂದು ಕಡೆ ಮಾಡಿಕೊಳ್ಳುತ್ತದೆ. ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ.